ಬ್ಯಾಕ್ಟೀರಿಯಾದ ಊಟ, ದವಾಖಾನೆಯ ಸೋಂಕು ಮತ್ತು ನಮ್ಮ ಕೈ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ತಮಗೆ ತಿಳಿದ ಒಂದು ವಿಷಯದ ಮೇಲೆ ಮಾತನಾಡಬೇಕೆಂದು ಸಮಿತಿಯವರು ಹೇಳಿದರು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ಕಂಪ್ಯೂಟರ್ ಬಗ್ಗೆ ಹೇಳುತ್ತೇನೆಂದು ಹಲವರು ಅಂದುಕೊಂಡಿರಬಹುದು. ನಾನು ಆರಿಸಿಕೊಂಡದ್ದು ಬ್ಯಾಕ್ಟೀರಿಯಾ. ಆಸ್ಪತ್ರೆಗಳ ಪ್ರಯೋಗಾಲಯದ ವರದಿಗಳನ್ನು ಜೋಡಿಸಿಡುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಯಾವ ರೋಗಿಯ ರಕ್ತದಲ್ಲಿ, ಮೂತ್ರದಲ್ಲಿ, ಗಾಯದಲ್ಲಿ ಯಾವ ಬ್ಯಾಕ್ಟೀರಿಯಾ ಸಿಕ್ಕಿತು, ಅದಕ್ಕೆ ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬ ಪಟ್ಟಿ ದಿನವೂ ಕಣ್ಣ ಮುಂದೆ ಹಾಯುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವುದು ನಾಲ್ಕೈದು ಹೆಸರುಗಳೇ. ಆ ಹೆಸರುಗಳ ಬೆನ್ನು ಹತ್ತಿ ಓದಿದಾಗ ತಿಳಿದ ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಡಾಕ್ಟರಲ್ಲ, ಚಿಕಿತ್ಸೆ ಹೇಳುವುದಿಲ್ಲ. ಈ ಜೀವಿಗಳು ಏನು ತಿಂದು ಬದುಕುತ್ತವೆ, ದವಾಖಾನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತವೆ, ಅದನ್ನು ತಡೆಯುವುದರಲ್ಲಿ ನಮ್ಮಂಥ ಊರಿನವರ ಪಾಲು ಏನು, ಇಷ್ಟನ್ನೇ ಹೇಳುತ್ತೇನೆ.

ನಮ್ಮ ಹೊಲ ಮನೆಯಲ್ಲಿರುವ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾ ಎಂದ ಕೂಡಲೇ ರೋಗ ನೆನಪಾಗುತ್ತದೆ. ಆದರೆ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ನಮ್ಮ ಗೊಡವೆಯೇ ಇಲ್ಲ. ಅವು ತಮ್ಮ ಊಟ ತಾವು ನೋಡಿಕೊಂಡು ಇರುತ್ತವೆ. ಆ ಊಟದ ಬಗೆ ಎಷ್ಟು ಎಂಬುದೇ ಆಶ್ಚರ್ಯ. ಮನುಷ್ಯ, ದನ, ಹಕ್ಕಿ, ಮೀನು, ನಾವೆಲ್ಲ ಒಂದೇ ಕ್ರಮದಲ್ಲಿ ಬದುಕುತ್ತೇವೆ. ಬೇರೆ ಜೀವಿ ತಯಾರಿಸಿದ ಆಹಾರ ತಿನ್ನಬೇಕು, ಆಮ್ಲಜನಕ ಉಸಿರಾಡಬೇಕು. ಬ್ಯಾಕ್ಟೀರಿಯಾಗಳಿಗೆ ಹಾಗೇನಿಲ್ಲ. ನಾವು ಒಂಬತ್ತನೆಯ ಇಯತ್ತೆಯಲ್ಲಿ ಕಲಿತ ‘ಚಯಾಪಚಯ’ ಎಂಬ ಪದಕ್ಕೆ ಅವುಗಳಲ್ಲಿ ನೂರಾರು ದಾರಿಗಳಿವೆ.

ಇದನ್ನು ನೋಡಲು ಸೂಕ್ಷ್ಮದರ್ಶಕ ಬೇಕಿಲ್ಲ. ತೊಗರಿ ಅಥವಾ ಶೇಂಗಾ ಗಿಡವನ್ನು ಬೇರುಸಹಿತ ಕಿತ್ತು ನೋಡಿರಿ. ಬೇರಿನ ಮೇಲೆ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು ಬಣ್ಣ. ಅಲ್ಲಿ ಕುಳಿತ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದ್ದರೂ ನಮಗಾಗಲಿ ಗಿಡಕ್ಕಾಗಲಿ ಅದನ್ನು ನೇರವಾಗಿ ಬಳಸಲು ಬರುವುದಿಲ್ಲ.

ಮುಂಜಾನೆ ದನದ ಕೊಟ್ಟಿಗೆಯ ಬಾಗಿಲು ತೆಗೆದರೆ ಮೂಗಿಗೆ ಹೊಡೆಯುವ ಘಾಟು ಅಮೋನಿಯಾದ್ದು. ಗಂಜಲದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅದು ಬರುತ್ತದೆ. ನಾವು ಹೊಲಕ್ಕೆ ಎರಚುವ ಯೂರಿಯಾ ಗೊಬ್ಬರವನ್ನು ಮಣ್ಣಿನಲ್ಲಿ ಬೆಳೆಗೆ ದಕ್ಕುವಂತೆ ಒಡೆಯುವುದೂ ಇಂಥದೇ ಕೆಲಸ. ಈ ಯೂರಿಯಾವನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ದವಾಖಾನೆಯಲ್ಲಿ ಮತ್ತೆ ಭೇಟಿಯಾಗುತ್ತದೆ.

ಹಳೆಯ ಬಾವಿಯ ಹೂಳು ತೆಗೆದಾಗ ತಳದ ಕಪ್ಪು ಕೆಸರು ಕೊಳೆತ ತತ್ತಿಯಂತೆ ನಾರುತ್ತದೆ. ಅಲ್ಲಿ ಗಾಳಿ ಇಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಲ್ಫೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ರಾತ್ರಿ ಹೆಪ್ಪು ಹಾಕಿದ ಹಾಲು ಮುಂಜಾನೆ ಮೊಸರಾಗುವುದು ಹಾಲಿನ ಸಕ್ಕರೆಯನ್ನು ಆಮ್ಲ ಮಾಡುವ ಬ್ಯಾಕ್ಟೀರಿಯಾದಿಂದ.

ಟಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇನ್ನೊಂದು ಉದಾಹರಣೆ ಗೊತ್ತಿದೆ. ಡ್ರಿಪ್ ಪೈಪು ಕೆಲವು ಕಾಲ ಓಡಿದ ಮೇಲೆ ಹನಿ ಬೀಳುವ ತೂತು ಕಟ್ಟಿಕೊಳ್ಳುತ್ತದೆ. ಬಿಳಿ ಪುಡಿಯಾಗಿದ್ದರೆ ಅದು ಸುಣ್ಣದ ಉಪ್ಪು, ಆಮ್ಲ ಬಿಟ್ಟರೆ ಕರಗುತ್ತದೆ. ಲೋಳೆಯಾಗಿದ್ದರೆ ಅದು ಬ್ಯಾಕ್ಟೀರಿಯಾಗಳ ಮನೆ. ನೀರಿನಲ್ಲಿ ಕರಗಿದ ಕಬ್ಬಿಣದಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳೂ ಇವೆ, ಅವು ಇದ್ದಲ್ಲಿ ಲೋಳೆ ತುಕ್ಕಿನ ಬಣ್ಣದ್ದಾಗಿರುತ್ತದೆ. ಈ ಲೋಳೆಗೆ ಕ್ಲೋರಿನ್ ಬಿಟ್ಟು ಪೈಪು ತೊಳೆಯಬೇಕಾಗುತ್ತದೆ. ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈಗೆ ಅಂಟಿ, ತಮ್ಮ ಸುತ್ತ ಲೋಳೆ ಕಟ್ಟಿಕೊಂಡು ಗುಂಪಾಗಿ ಬದುಕುವ ಈ ಪದರಕ್ಕೆ ವಿಜ್ಞಾನಿಗಳು ಬಯೋಫಿಲ್ಮ್ ಎನ್ನುತ್ತಾರೆ. ಇದನ್ನೂ ನೆನಪಿಟ್ಟುಕೊಳ್ಳಿರಿ.

ಕಲ್ಲೆಣ್ಣೆಯಿಂದ ಪ್ಲಾಸ್ಟಿಕ್‌ವರೆಗೆ

ಬೇರೆ ಜೀವಿಯ ಹಂಗಿಲ್ಲದೆ, ಬರಿ ಖನಿಜದಿಂದ ಶಕ್ತಿ ಪಡೆದು ಬದುಕಬಹುದು ಎಂಬುದನ್ನು 1887ರ ಸುಮಾರಿಗೆ ತೋರಿಸಿದವರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ. ಗಂಧಕದ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾವನ್ನು ಅವರು ಅಭ್ಯಾಸ ಮಾಡಿದ್ದರು. ಆ ಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಪಶ್ಚಿಮ ಬಂಗಾಲದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಆನಂದ ಮೋಹನ ಚಕ್ರವರ್ತಿ ಅವರು ಕಲ್ಲೆಣ್ಣೆಯ ಹಲವು ಅಂಶಗಳನ್ನು ಒಟ್ಟಿಗೆ ಒಡೆಯಬಲ್ಲ ಸೂಡೊಮೊನಾಸ್ ಎಂಬ ಕುಲದ ಬ್ಯಾಕ್ಟೀರಿಯಾವನ್ನು ರೂಪಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1980ರಲ್ಲಿ ಅವರ ಪರವಾಗಿ ತೀರ್ಪು ಬಂತು. 2016ರಲ್ಲಿ ಜಪಾನಿನ ವಿಜ್ಞಾನಿಗಳು ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್ಕನ್ನೇ ಒಡೆದು ತಿನ್ನುವ ಬ್ಯಾಕ್ಟೀರಿಯಾ ಕುರಿತು ವರದಿ ಮಾಡಿದರು.

ಇದರ ಜೊತೆಗೆ ವೇಗವನ್ನೂ ಸೇರಿಸಿಕೊಳ್ಳಬೇಕು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಒಳ್ಳೆಯ ಊಟ, ಹದವಾದ ಬಿಸಿ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಲೆಕ್ಕ ಹಾಕಿರಿ ಮಕ್ಕಳೇ. ರಾತ್ರಿ ಹತ್ತು ಗಂಟೆಗೆ ಒಂದು ಇದ್ದರೆ, ಬೆಳಗಿನ ಐದಕ್ಕೆ 21 ಸಲ ಇಮ್ಮಡಿಯಾಗಿ 20 ಲಕ್ಷ ದಾಟಿರುತ್ತದೆ.

ಹೀಗಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬಹುದು. ನಮ್ಮ ಕಣ್ಣಿಗೆ ಖಾಲಿ ಎನಿಸುವ, ಸ್ವಚ್ಛ ಎನಿಸುವ ಜಾಗವೂ ಯಾವುದೋ ಒಂದು ಬ್ಯಾಕ್ಟೀರಿಯಾಕ್ಕೆ ಊಟದ ಮನೆಯೇ ಆಗಿರಬಹುದು. ದವಾಖಾನೆಯ ಸೋಂಕು ಅರ್ಥವಾಗಬೇಕಾದರೆ ಇದು ಮೊದಲು ತಿಳಿಯಬೇಕು.

ದವಾಖಾನೆಯಲ್ಲಿ ಯಾರಿಗೆ ಏನು ಊಟ

ದವಾಖಾನೆಯಲ್ಲಿ ನಲ್ಲಿ ಇದೆ, ಸಿಂಕ್ ಇದೆ, ಔಷಧದ ಬಾಟಲಿ ಇದೆ, ಮೂತ್ರದ ನಳಿಕೆ ಇದೆ, ಸಲಾಯಿನ್ ಇದೆ, ಮಂಚದ ಕಂಬಿ ಇದೆ, ಗಾಯ ಇದೆ, ಶಕ್ತಿ ಕುಂದಿದ ರೋಗಿ ಇದ್ದಾನೆ. ಇವುಗಳಲ್ಲಿ ಒಂದೊಂದಕ್ಕೂ ಒಗ್ಗಿದ ಬ್ಯಾಕ್ಟೀರಿಯಾ ಇದೆ.

ಮೊದಲನೆಯದು ಸೂಡೊಮೊನಾಸ್ ಏರುಜಿನೋಸ. ಮೇಲೆ ಹೇಳಿದ ಕಲ್ಲೆಣ್ಣೆ ಒಡೆಯುವ ಬ್ಯಾಕ್ಟೀರಿಯಾದ ಕುಲದ್ದೇ. ಮಣ್ಣಿನಲ್ಲಿ, ಹಳ್ಳದ ನೀರಿನಲ್ಲಿ ಇರುತ್ತದೆ. 2000ನೇ ಇಸವಿಯಲ್ಲಿ ಇದರ ಪೂರ್ತಿ ಡಿಎನ್‌ಎಯನ್ನು ಓದಿ ಮುಗಿಸಿದರು. ಸುಮಾರು 63 ಲಕ್ಷ ಅಕ್ಷರಗಳು, 5,570ರಷ್ಟು ಜೀನುಗಳು. ಅವುಗಳಲ್ಲಿ ಶೇ 8-9ರಷ್ಟು ಜೀನುಗಳ ಕೆಲಸ ಬೇರೆ ಜೀನುಗಳನ್ನು ನಿಯಂತ್ರಿಸುವುದು. ನಮ್ಮ ಪ್ರೋಗ್ರಾಮಿನ ಭಾಷೆಯಲ್ಲಿ ಹೇಳುವುದಾದರೆ, ‘ಇದು ಸಿಕ್ಕರೆ ಹೀಗೆ ಮಾಡು, ಅದು ಸಿಕ್ಕರೆ ಹಾಗೆ ಮಾಡು’ ಎಂಬ ಸಾಲುಗಳೇ ತುಂಬಿವೆ. ಸಕ್ಕರೆ ಇದ್ದರೆ ಸಕ್ಕರೆ, ಇಲ್ಲದಿದ್ದರೆ ಹತ್ತಾರು ಬೇರೆ ರಾಸಾಯನಿಕ. ಆಮ್ಲಜನಕ ಇಲ್ಲದಲ್ಲಿ ನೈಟ್ರೇಟ್ ಇದ್ದರೂ ಉಸಿರಾಟ ನಡೆಯುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಇರುವ ಚೂರುಪಾರು ಅಂಶದಿಂದಲೂ ಬೆಳೆಯಬಲ್ಲದು. ಆದ್ದರಿಂದಲೇ ಇದು ದವಾಖಾನೆಯ ಸಿಂಕಿನ ಕೊಳವೆ, ಆರ್ದ್ರಕ ಯಂತ್ರ, ದ್ರವೌಷಧಗಳಲ್ಲಿ ಮನೆ ಮಾಡುತ್ತದೆ.

ಇದು ದೂರದ ಮಾತಲ್ಲ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರ ಕಣ್ಣಿಗೆ ಸೋಂಕು ತಗಲಿ, ಕೆಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಔಷಧದಲ್ಲಿ ಸೂಡೊಮೊನಾಸ್ ಇತ್ತೆಂದು ಆಸ್ಪತ್ರೆಯ ಕಡೆಯಿಂದ ಪತ್ರಿಕೆಗಳಲ್ಲಿ ಬಂತು. 2023ರಲ್ಲಿ ಅಮೆರಿಕದಲ್ಲಿ, ನಮ್ಮ ದೇಶದಲ್ಲೇ ತಯಾರಾದ ಕಣ್ಣಿನ ಹನಿಯಿಂದ ಇದೇ ಬ್ಯಾಕ್ಟೀರಿಯಾ ಹರಡಿ 81 ಜನರಿಗೆ ಸೋಂಕಾಯಿತು. 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರು ತೀರಿಕೊಂಡರು. ಒಂದು ಹನಿ ಔಷಧ ನೋಡಲು ತಿಳಿನೀರಿನಂತೆಯೇ ಇರುತ್ತದೆ.

ಎರಡನೆಯದು ಪ್ರೋಟಿಯಸ್. ಇದರ ಕೆಲಸ ಕೊಟ್ಟಿಗೆಯಲ್ಲಿ ನಡೆಯುವ ಕೆಲಸವೇ, ಯೂರಿಯಾ ಒಡೆಯುವುದು. ಮೂತ್ರದ ನಳಿಕೆ ಹಾಕಿದ ರೋಗಿಯಲ್ಲಿ ಇದು ಸೇರಿಕೊಂಡರೆ ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಮೂತ್ರ ಕ್ಷಾರವಾಗುತ್ತದೆ, ಅದರಲ್ಲಿಯ ಲವಣ ಹರಳುಗಟ್ಟಿ ನಳಿಕೆ ಕಟ್ಟಿಕೊಳ್ಳುತ್ತದೆ. ಡ್ರಿಪ್ ಪೈಪಿನಲ್ಲಿ ಆದದ್ದೇ ಇಲ್ಲಿ ಆಗುವುದು. ವ್ಯತ್ಯಾಸ ಒಂದೇ, ಡ್ರಿಪ್ ಪೈಪಿಗೆ ಕ್ಲೋರಿನ್ ಬಿಡಬಹುದು, ಮನುಷ್ಯನ ದೇಹದೊಳಗಿನ ನಳಿಕೆಗೆ ಬಿಡಲು ಬರುವುದಿಲ್ಲ. ಲೋಳೆಯ ಪದರದೊಳಗೆ ಕುಳಿತ ಬ್ಯಾಕ್ಟೀರಿಯಾಕ್ಕೆ ಔಷಧವೂ ಸರಿಯಾಗಿ ನಾಟುವುದಿಲ್ಲ. ಎಷ್ಟೋ ಸಲ ನಳಿಕೆಯನ್ನೇ ತೆಗೆಯಬೇಕಾಗುತ್ತದೆ.

ಮೂರನೆಯದು ಕ್ಲೆಬ್ಸಿಯೆಲ್ಲಾ. ಈ ಕುಲದ ಕೆಲವು ತಳಿಗಳು ತೊಗರಿ ಬೇರಿನ ಬ್ಯಾಕ್ಟೀರಿಯಾದಂತೆ ಗಾಳಿಯ ಸಾರಜನಕ ಹಿಡಿಯಬಲ್ಲವು. ಮಣ್ಣಿನಲ್ಲೂ ಇರುತ್ತವೆ, ನಮ್ಮ ಕರುಳಿನಲ್ಲೂ ಇರುತ್ತವೆ. ಇದು ಮತ್ತು ಇದರ ಹತ್ತಿರದ ಬಂಧು ಎಂಟರೊಬ್ಯಾಕ್ಟರ್ ಸಕ್ಕರೆ ಬೆರೆಸಿದ ಸಲಾಯಿನ್‌ನಲ್ಲಿ ಬೆಳೆಯಬಲ್ಲವು. 1970-71ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಸಲಾಯಿನ್ ಬಾಟಲಿಯ ಮುಚ್ಚಳದಲ್ಲಿ ಸೇರಿಕೊಂಡಿದ್ದ ಇಂಥ ಬ್ಯಾಕ್ಟೀರಿಯಾಗಳಿಂದ ನೂರಾರು ರೋಗಿಗಳಿಗೆ ರಕ್ತದ ಸೋಂಕು ಆಗಿತ್ತು.

ನಾಲ್ಕನೆಯದು ಅಸಿನೆಟೊಬ್ಯಾಕ್ಟರ್. ಇದಕ್ಕೆ ಒಣ ಜಾಗವೂ ಸಾಕು. ಮಂಚದ ಕಂಬಿ, ಪರದೆ, ಯಂತ್ರದ ಗುಂಡಿ, ಇಂಥಲ್ಲಿ ವಾರಗಟ್ಟಲೆ ಜೀವ ಹಿಡಿದಿರುತ್ತದೆ. ನಮ್ಮ ಎರೆಹೊಲದಲ್ಲಿ ಬಿದ್ದ ಬೀಜ ಮಳೆಗೆ ಕಾಯುವಂತೆ ಇದೂ ಕಾಯುತ್ತದೆ. ಐದನೆಯದು ಸ್ಟ್ಯಾಫಿಲೊಕಾಕಸ್ ಆರಿಯಸ್. ನೂರು ಜನ ಆರೋಗ್ಯವಂತರಲ್ಲಿ ಸುಮಾರು ಮೂವತ್ತು ಜನರ ಮೂಗಿನಲ್ಲಿ ಇದು ಇರುತ್ತದೆ, ಅವರಿಗೆ ಏನೂ ತೊಂದರೆ ಇಲ್ಲ. ಅದೇ ಬ್ಯಾಕ್ಟೀರಿಯಾ ಕೈಯಿಂದ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಹೋದರೆ ಕೀವಾಗುತ್ತದೆ.

ಒಬ್ಬರಿಂದ ಒಬ್ಬರಿಗೆ ದಾಟುವ ದಾರಿ

ಈ ಬ್ಯಾಕ್ಟೀರಿಯಾಗಳಿಗೆ ಕಾಲಿಲ್ಲ, ರೆಕ್ಕೆ ಇಲ್ಲ. ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೆಚ್ಚಾಗಿ ಹೋಗುವುದು ಮನುಷ್ಯರ ಕೈ ಮೇಲೆ ಕುಳಿತು. ನನ್ನ ಕೆಲಸದಲ್ಲಿ ಇದು ಹೇಗೆ ಕಾಣಿಸುತ್ತದೆಂದು ಹೇಳುತ್ತೇನೆ. ನಾಲ್ಕನೇ ಮಂಚದ ರೋಗಿಯ ವರದಿಯಲ್ಲಿ ಒಂದು ಬ್ಯಾಕ್ಟೀರಿಯಾ ಬರುತ್ತದೆ, ಅದಕ್ಕೆ ಇಂತಿಂಥ ಔಷಧ ನಾಟುತ್ತದೆ, ಇಂತಿಂಥವು ನಾಟುವುದಿಲ್ಲ ಎಂಬ ಒಂದು ಪಟ್ಟಿ ಇರುತ್ತದೆ. ನಾಲ್ಕು ದಿನ ಬಿಟ್ಟು ಐದನೇ ಮಂಚದಲ್ಲಿ, ಆಮೇಲೆ ಏಳನೇ ಮಂಚದಲ್ಲಿ ಅದೇ ಬ್ಯಾಕ್ಟೀರಿಯಾ, ಅದೇ ಪಟ್ಟಿ ಬಂದರೆ ತಂತ್ರಾಂಶ ಎಚ್ಚರಿಕೆ ಕೊಡಬೇಕು. ಆಗ ಸೋಂಕು ನಿಯಂತ್ರಣದ ನರ್ಸ್ ಬಂದು ದಾರಿ ಹುಡುಕುತ್ತಾರೆ. ನಲ್ಲಿಯೇ, ಯಂತ್ರವೇ, ಕೈಯೇ ಎಂದು ಒಂದೊಂದಾಗಿ ನೋಡುತ್ತಾರೆ.

ಕೈಯ ಮಾತು ಹೊಸದಲ್ಲ. 1847ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಇದ್ದರು. ಅಲ್ಲಿ ಎರಡು ಹೆರಿಗೆ ವಾರ್ಡುಗಳು. ಸೂಲಗಿತ್ತಿಯರು ನೋಡಿಕೊಳ್ಳುವ ವಾರ್ಡಿಗಿಂತ ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿಯರ ಸಾವು ಹೆಚ್ಚು. ಡಾಕ್ಟರುಗಳು, ವಿದ್ಯಾರ್ಥಿಗಳು ಶವ ಪರೀಕ್ಷೆ ಮಾಡಿ ನೇರವಾಗಿ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಅವರ ಮಾತನ್ನು ಬಹಳ ಜನ ಡಾಕ್ಟರುಗಳು ಒಪ್ಪಲಿಲ್ಲ.

ಇಂದಿನ ಲೆಕ್ಕ ಕೇಳಿರಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಆಸ್ಪತ್ರೆಗೆ ಸೇರಿದ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನರಿಗೆ, ಉಳಿದ ದೇಶಗಳಲ್ಲಿ 15 ಜನರಿಗೆ ಅಲ್ಲಿದ್ದಾಗಲೇ ಕನಿಷ್ಠ ಒಂದು ಸೋಂಕು ತಗಲುತ್ತದೆ. ಹಾಗೆ ತಗಲಿದ ಹತ್ತರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಕೈ ಸ್ವಚ್ಛತೆ ಮತ್ತು ಕಡಿಮೆ ಖರ್ಚಿನ ಇತರ ಕ್ರಮಗಳಿಂದ ಶೇ 70ರಷ್ಟು ಸೋಂಕು ತಡೆಯಬಹುದೆಂದೂ ಅದೇ ವರದಿ ಹೇಳುತ್ತದೆ.

ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಕಾಕಾ ಇವತ್ತು ಇಲ್ಲೇ ಕುಳಿತಿದ್ದಾರೆ, ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಅವರು ಒಣದ್ರಾಕ್ಷಿ ಶೆಡ್ಡಿನ ಏಣಿಯಿಂದ ಬಿದ್ದು ತೊಡೆಯ ಎಲುಬು ಮುರಿಯಿತು. ದೊಡ್ಡ ಊರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ನಾಲ್ಕನೇ ದಿನ ಎದ್ದು ಕುಳಿತು ಚಹಾ ಕುಡಿದರು. ಮೂತ್ರದ ನಳಿಕೆ ಮಾತ್ರ ಹಾಗೆಯೇ ಇತ್ತು. ಒಂಬತ್ತನೇ ದಿನ ನಡುಗಿಸಿಕೊಂಡು ಜ್ವರ ಬಂತು. ಕಲ್ಚರ್ ವರದಿಯಲ್ಲಿ ಬಂದದ್ದು ಕ್ಲೆಬ್ಸಿಯೆಲ್ಲಾ, ಪರೀಕ್ಷೆ ಮಾಡಿದ ಔಷಧಗಳಲ್ಲಿ ನಾಟುವುದು ಎರಡೇ. ಮೂರು ವಾರ ಐಸಿಯು ಆಯಿತು. ಎಲುಬಿನ ಚಿಕಿತ್ಸೆಗೆ ಆದ ಖರ್ಚಿಗಿಂತ ಸೋಂಕಿನ ಚಿಕಿತ್ಸೆಗೆ ಆದ ಖರ್ಚೇ ಹೆಚ್ಚು. ಆ ವರ್ಷದ ದ್ರಾಕ್ಷಿಯ ಪಟ್ಟಿ ಹಣವೆಲ್ಲ ಅದಕ್ಕೇ ಹೋಯಿತು, ತಂಗಿಯ ಕಾಲೇಜು ಒಂದು ವರ್ಷ ಮುಂದೆ ಹೋಯಿತು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ನಳಿಕೆಯಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ದಿನಕ್ಕೆ ಶೇ 3ರಿಂದ 7ರಷ್ಟು ಏರುತ್ತ ಹೋಗುತ್ತದೆಂದು ವೈದ್ಯಕೀಯ ಪುಸ್ತಕಗಳಲ್ಲಿದೆ. ನಮ್ಮಲ್ಲಿ ಒಬ್ಬೊಬ್ಬರ ಮನೆಗೂ ಇಂಥದೊಂದು ಲೆಕ್ಕ ಯಾವಾಗಲಾದರೂ ಬರಬಹುದು.

ಔಷಧ ಯಾಕೆ ನಾಟುವುದಿಲ್ಲ

ಎರಡೇ ಔಷಧ ನಾಟಿದ್ದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಊಟದ ಕಥೆಯಲ್ಲೇ ಇದೆ. ನಮ್ಮ ಎಷ್ಟೋ ಆ್ಯಂಟಿಬಯಾಟಿಕ್‌ಗಳು ಮಣ್ಣಿನ ಜೀವಿಗಳಿಂದಲೇ ಬಂದವು. ಕ್ಷಯಕ್ಕೆ ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ. ಮಣ್ಣಿನಲ್ಲಿ ಒಬ್ಬರನ್ನೊಬ್ಬರು ಹಿಂದೆ ಸರಿಸಲು ಅವು ಇಂಥ ವಿಷ ಬಿಡುತ್ತವೆ, ಇನ್ನೊಂದು ಅದನ್ನು ಒಡೆಯುವ ಕಿಣ್ವ ಇಟ್ಟುಕೊಂಡಿರುತ್ತದೆ. ಕಲ್ಲೆಣ್ಣೆ ಒಡೆಯುವವರಿಗೆ ಪೆನಿಸಿಲಿನ್ ಒಡೆಯುವುದು ಏನು ದೊಡ್ಡದು?

ಇಂಥ ಕಿಣ್ವದ ಜೀನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಇದ್ದರೆ, ಪೆನ್‌ಡ್ರೈವ್‌ನಿಂದ ಫೈಲು ಕೊಟ್ಟಂತೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸುತ್ತದೆ. ಜಾತಿ ಬೇರೆಯಾದರೂ ಅಡ್ಡಿಯಿಲ್ಲ. ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ಒಬ್ಬ ರೋಗಿಯಲ್ಲಿ 2008ರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ, ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿದ್ದ ಕಾರ್ಬಪೆನೆಮ್ ಔಷಧಗಳನ್ನೂ ಒಡೆಯುತ್ತಿತ್ತು. ಆ ಕಿಣ್ವಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟರು, ಅದರಲ್ಲಿ ನ್ಯೂ ಡೆಲ್ಲಿಯ ಹೆಸರಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ತೀರಿಕೊಂಡರೆಂದು ಅಂದಾಜು.

ನಾವು ಬೇಕಾಬಿಟ್ಟಿ ಆ್ಯಂಟಿಬಯಾಟಿಕ್ ನುಂಗಿದಾಗ ಏನಾಗುತ್ತದೆ? ಹೊಲದಲ್ಲಿ ಒಂದೇ ಕಳೆನಾಶಕ ಪದೇ ಪದೇ ಹೊಡೆದರೆ ಅದಕ್ಕೆ ಜಗ್ಗದ ಕಳೆಯೇ ಉಳಿದು ಹಬ್ಬುತ್ತದಲ್ಲ, ಕರುಳಿನಲ್ಲೂ ಹಾಗೆಯೇ ಆಗುತ್ತದೆ. ಅಂಥ ಬ್ಯಾಕ್ಟೀರಿಯಾ ಇಟ್ಟುಕೊಂಡೇ ನಾವು ದವಾಖಾನೆಗೆ ಹೋಗುತ್ತೇವೆ. ಸೋಂಕು ದವಾಖಾನೆಯಿಂದ ಊರಿಗೆ ಬರುತ್ತದೆ, ಊರಿನಿಂದ ದವಾಖಾನೆಗೂ ಹೋಗುತ್ತದೆ.

ನಾವು ಮಾಡಬೇಕಾದದ್ದು

ನಮ್ಮ ಭಾಗದವರು ಕಾಯಿಲೆ ಎಂದರೆ ವಿಜಯಪುರದ ಜಿಲ್ಲಾಸ್ಪತ್ರೆಗೆ, ಬಿಎಲ್‌ಡಿಇ ಆಸ್ಪತ್ರೆಗೆ, ಹೆಚ್ಚಿನದಕ್ಕೆ ಸೊಲ್ಲಾಪುರಕ್ಕೆ, ಮಿರಜಿಗೆ ಹೋಗುತ್ತೇವೆ. ಒಬ್ಬ ರೋಗಿಯ ಹಿಂದೆ ಒಂದು ಟಂಟಂ ತುಂಬ ಜನ ಹೋಗುತ್ತೇವೆ. ಅದರಲ್ಲಿ ಪ್ರೀತಿ ಇದೆ, ಅದನ್ನು ಬಿಡಿ ಎನ್ನಲಾರೆ. ನೋಡಲು ಹೋಗದಿದ್ದರೆ ಬೀಗರು ಮುನಿಸಿಕೊಳ್ಳುತ್ತಾರೆ, ಅದೂ ಗೊತ್ತು. ಆದರೆ ಹೋಗುವ ರೀತಿಯನ್ನು ಬದಲಿಸಿಕೊಳ್ಳಬಹುದು.

ಒಂದು, ಕೈ. ರೋಗಿಯನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಕೈ ಸ್ವಚ್ಛ ಮಾಡಿಕೊಳ್ಳಬೇಕು. ವಾರ್ಡಿನಲ್ಲಿ ಇಟ್ಟಿರುವ ಕೈಗೆ ಹಚ್ಚುವ ದ್ರವವನ್ನು 20ರಿಂದ 30 ಸೆಕೆಂಡು ಉಜ್ಜಬೇಕು. ಕೈಗೆ ಕೊಳೆ ಕಾಣುತ್ತಿದ್ದರೆ, ಅಥವಾ ರೋಗಿಗೆ ಭೇದಿ ಇದ್ದರೆ ಸಾಬೂನು ನೀರೇ ಆಗಬೇಕು, 40ರಿಂದ 60 ಸೆಕೆಂಡು. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಆ ದ್ರವಕ್ಕೆ ಸಾಯುವುದಿಲ್ಲ, ನೀರಿನಿಂದ ತೊಳೆದು ಹೋಗಬೇಕು. ಡಾಕ್ಟರು, ನರ್ಸ್ ಕೈ ತೊಳೆದಿದ್ದಾರೆಯೇ ಎಂದು ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪಿಲ್ಲ.

ಎರಡು, ಮಂಚ. ರೋಗಿಯ ಮಂಚದ ಮೇಲೆ ಕೂಡಬಾರದು. ಬುತ್ತಿ, ಚೀಲ, ಮೊಬೈಲು ಅಲ್ಲಿ ಇಡಬಾರದು. ಪಕ್ಕದ ರೋಗಿ ನಮ್ಮ ಊರಿನವರೆಂದು ಕೈ ಹಿಡಿದು ಮಾತನಾಡಿಸಿ, ಮತ್ತೆ ನಮ್ಮ ರೋಗಿಯ ಹಣೆ ಮುಟ್ಟಿದರೆ ದಾರಿ ಮಾಡಿಕೊಟ್ಟಂತೆ. ನೆಗಡಿ, ಜ್ವರ, ಕೈಗೆ ಹುಣ್ಣು ಇದ್ದವರು ಮತ್ತು ಸಣ್ಣ ಮಕ್ಕಳು ಹೋಗದಿರುವುದೇ ಒಳ್ಳೆಯದು.

ಮೂರು, ನಳಿಕೆ. ಮೂತ್ರದ ನಳಿಕೆಯಾಗಲಿ, ಕೈಗೆ ಚುಚ್ಚಿದ ಸೂಜಿಯಾಗಲಿ, ದಿನಕ್ಕೊಮ್ಮೆ ಕೇಳಬೇಕು: ‘ಸರ, ಇದು ಇನ್ನೂ ಬೇಕಾಗೈತೇನ್ರಿ?’ ಇಷ್ಟೇ ಪ್ರಶ್ನೆ. ನಾವೇ ಕಿತ್ತು ಹಾಕಬಾರದು. ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಗಿಂತ ಮೇಲೆ ಎತ್ತಬಾರದು, ನೆಲಕ್ಕೂ ತಾಗಿಸಬಾರದು. ರೋಗಿಯನ್ನು ಎಬ್ಬಿಸುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡುವುದು ಬಹಳ ಕಡೆ ನಡೆಯುತ್ತದೆ.

ನಾಲ್ಕು, ಸಲಾಯಿನ್. ‘ಸುಸ್ತ ಆಗೈತ್ರಿ, ಒಂದ ಸಲಾಯಿನ್ ಹಚ್ಚಿಬಿಡ್ರಿ’ ಎಂದು ಕೇಳುವ ರೂಢಿ ನಮ್ಮಲ್ಲಿದೆ. ಬಾಯಿಂದ ನೀರು, ಗಂಜಿ, ಓಆರ್‌ಎಸ್ ಕುಡಿಯಲು ಬರುವವರಿಗೆ ಹೊಟ್ಟೆಯ ಆಮ್ಲವೇ ಕಾವಲು. ನರಕ್ಕೆ ನೇರವಾಗಿ ಕೊಟ್ಟಾಗ ಆ ಕಾವಲು ತಪ್ಪುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ಅಲ್ಲಿ ಬಳಸಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರವದ ಮೇಲೆ ಸಂಶಯ ಬಂದು ಸರಕಾರ ಆ ಕಂಪನಿಯ ದ್ರವದ ಬಳಕೆ ನಿಲ್ಲಿಸಿತು. ಸಲಾಯಿನ್ ಜೀವ ಉಳಿಸುತ್ತದೆ, ನಿಜ. ಅಗತ್ಯ ಇದ್ದಾಗ ಡಾಕ್ಟರೇ ಹಚ್ಚುತ್ತಾರೆ, ನಾವು ಒತ್ತಾಯ ಮಾಡಬಾರದು.

ಐದು, ಗುಳಿಗೆ. ಆ್ಯಂಟಿಬಯಾಟಿಕ್ ಪಟ್ಟಿಯ ಮೇಲೆ ಕೆಂಪು ಗೆರೆ ಇರುತ್ತದೆ. ಅದು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದೆಂಬ ಗುರುತು, ಕೇಂದ್ರ ಸರಕಾರ 2016ರಿಂದ ಇದನ್ನು ಪ್ರಚಾರ ಮಾಡುತ್ತಿದೆ. ನೆಗಡಿ, ಫ್ಲೂ ವೈರಸ್‌ನಿಂದ ಬರುತ್ತವೆ, ಅವಕ್ಕೆ ಈ ಗುಳಿಗೆ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬಾರದು. ದನಕ್ಕೆ, ಕೋಳಿಗೆ ಕೊಡುವಾಗಲೂ ಪಶುವೈದ್ಯರನ್ನೇ ಕೇಳಬೇಕು. ಕೋಳಿ ಸಾಕಾಣಿಕೆಯಲ್ಲಿ ಬಳಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು ಇದೇ ಕಾರಣಕ್ಕೆ 2019ರಲ್ಲಿ ಪಶುಗಳಿಗೆ ಕೊಡದಂತೆ ನಿಷೇಧಿಸಲಾಯಿತು. ಮನುಷ್ಯರಿಗೆ ಕೊನೆಯಲ್ಲಿ ಉಳಿದ ಕೆಲವೇ ಔಷಧಗಳಲ್ಲಿ ಅದೂ ಒಂದು.

ಆರು, ಗಾಯದ ಪಟ್ಟಿ. ದವಾಖಾನೆಯಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳಿರುತ್ತವೆ, 2016ರ ನಿಯಮದಂತೆ ಒಂದೊಂದು ಬಗೆಯ ತ್ಯಾಜ್ಯಕ್ಕೆ ಒಂದೊಂದು. ಊಟದ ಎಲೆ, ಬಾಳೆಹಣ್ಣಿನ ಸಿಪ್ಪೆಯನ್ನು ಅದರಲ್ಲಿ ಹಾಕಬಾರದು. ಮನೆಗೆ ಬಂದ ಮೇಲೆ ಬಿಚ್ಚಿದ ಕೀವಿನ ಪಟ್ಟಿಯನ್ನು ತಿಪ್ಪೆಗೆ ಎಸೆಯದೆ, ಎಲ್ಲಿ ಕೊಡಬೇಕೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿರಿ.

ಶಾಲೆಗೆ ಎರಡು ಬೇಡಿಕೆ

ವಿದ್ಯಾರ್ಥಿಗಳೇ, ನಿಮ್ಮ ವಿಜ್ಞಾನ ಗುರುಗಳ ಜೊತೆ ಒಂದು ಪ್ರಯೋಗ ಮಾಡಿರಿ. ಒಂದು ಪಾರದರ್ಶಕ ಬಾಟಲಿಯಲ್ಲಿ ಕೆರೆ ಅಥವಾ ಹಳ್ಳದ ಕೆಸರು ಹಾಕಿರಿ. ಅದರಲ್ಲಿ ಹರಿದ ಕಾಗದದ ಚೂರು, ಒಂದು ಚಮಚ ಜಿಪ್ಸಂ, ಸ್ವಲ್ಪ ಸೀಮೆಸುಣ್ಣದ ಪುಡಿ ಬೆರೆಸಿರಿ. ಮೇಲೆ ಅದೇ ಹಳ್ಳದ ನೀರು ಹಾಕಿ, ಮುಚ್ಚಳ ಸಡಿಲವಾಗಿಟ್ಟು, ಬೆಳಕು ಬರುವ ಕಿಟಕಿಯಲ್ಲಿ ಇಡಿರಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಕೆಲವು ವಾರ ಕಳೆದರೆ ತಳದಲ್ಲಿ ಕಪ್ಪು, ಅದರ ಮೇಲೆ ಹಸಿರು, ನೇರಳೆ, ತುಕ್ಕಿನ ಬಣ್ಣದ ಪದರಗಳು ಮೂಡತೊಡಗುತ್ತವೆ. ಗಾಳಿ ಎಷ್ಟು, ಬೆಳಕು ಎಷ್ಟು, ಗಂಧಕ ಎಷ್ಟು ಎಂಬುದರ ಮೇಲೆ ಒಂದೊಂದು ಎತ್ತರದಲ್ಲಿ ಒಂದೊಂದು ಬ್ಯಾಕ್ಟೀರಿಯಾ ತನ್ನ ಊಟ ಹುಡುಕಿಕೊಂಡಿರುತ್ತದೆ. ಇದಕ್ಕೆ ವಿನೊಗ್ರಾಡ್‌ಸ್ಕಿಯವರ ಹೆಸರೇ ಇದೆ. ಖರ್ಚು ಹತ್ತು ರೂಪಾಯಿ ಆಗಲಿಕ್ಕಿಲ್ಲ.

ಹಳೆಯ ವಿದ್ಯಾರ್ಥಿಗಳಿಗೆ ಮತ್ತು ಸಮಿತಿಯವರಿಗೆ ನನ್ನ ಇನ್ನೊಂದು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಬೇಕೆಂಬ ಮಾತು ನಡೆದಿದೆ. ಕಮಾನು ಆಗಲಿ. ಅದರ ಜೊತೆಗೆ ಊಟದ ಕೋಣೆಯ ಮುಂದೆ ಮಕ್ಕಳ ಎತ್ತರಕ್ಕೆ ಹತ್ತು ನಲ್ಲಿಗಳ ಒಂದು ಕಟ್ಟೆ, ಅದಕ್ಕೆ ಬೇಸಿಗೆಯಲ್ಲೂ ನೀರು ಬರುವಂತೆ ಒಂದು ಟ್ಯಾಂಕು, ವರ್ಷವಿಡೀ ಸಾಬೂನಿಗೆ ಒಂದು ಸಣ್ಣ ಠೇವಣಿ, ಇಷ್ಟು ಆಗಲಿ. ನಮ್ಮ ಬ್ಯಾಚಿನವರು ಈಗಾಗಲೇ ಮಾತನಾಡಿಕೊಂಡಿದ್ದೇವೆ, ಟ್ಯಾಂಕಿನ ಖರ್ಚು ನಮ್ಮದು. ಉಳಿದದ್ದಕ್ಕೆ ಬೇರೆ ಬ್ಯಾಚಿನವರು ಕೈ ಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಊಟಕ್ಕೆ ಮೊದಲು ಸಾಬೂನು ಹಚ್ಚುವ ರೂಢಿ ಎಂಟನೇ ಇಯತ್ತೆಯಲ್ಲಿ ಬಿದ್ದ ಹುಡುಗಿ, ನಾಳೆ ನರ್ಸ್ ಆದಾಗ, ಡಾಕ್ಟರ್ ಆದಾಗ, ಅಥವಾ ಅಜ್ಜಿಯ ಮಂಚದ ಪಕ್ಕ ಕುಳಿತಾಗ ಅದನ್ನು ಮರೆಯುವುದಿಲ್ಲ.

ಬ್ಯಾಕ್ಟೀರಿಯಾಗಳು ನಮಗಿಂತ ಮುನ್ನೂರು ಕೋಟಿ ವರ್ಷ ಹಿರಿಯವು. ಅವುಗಳನ್ನು ಮುಗಿಸಲು ಆಗುವುದಿಲ್ಲ, ಮುಗಿಸಿದರೆ ತೊಗರಿಯೂ ಇಲ್ಲ, ಮೊಸರೂ ಇಲ್ಲ. ಹೊಲದಲ್ಲಿರುವುದು ಹೊಲದಲ್ಲಿರಲಿ, ಕರುಳಿನಲ್ಲಿರುವುದು ಕರುಳಿನಲ್ಲಿರಲಿ, ಗಾಯಕ್ಕೂ ರಕ್ತಕ್ಕೂ ಹೋಗದಂತೆ ನೋಡಿಕೊಳ್ಳೋಣ. ಆ ಕೆಲಸದಲ್ಲಿ ಅರ್ಧ ಡಾಕ್ಟರದು, ಅರ್ಧ ನಮ್ಮದು.